ನಾನು ಹಾರ ಹಾಕಿದ ನಾಯಕರು

ಪ್ರತಿಯೊಂದು ಮನೆಯಲ್ಲೂ ಬಂದವರ ಮುಂದೆ ತೆಗೆದಿಡಲು ಒಂದು ದೊಡ್ಡಸ್ತಿಕೆ ಇರುತ್ತದೆ. ನಮ್ಮ ಪಕ್ಕದ ಮನೆಯವರ ಅಜ್ಜ ಮಹಾರಾಜರ ಆನೆಗೆ ಬಾಳೆಹಣ್ಣು ತಿನ್ನಿಸಿದ್ದರಂತೆ. ಹಿಂದಿನ ಬೀದಿಯ ಟೈಲರ್ ಯಾವುದೋ ಸಿನಿಮಾ ನಟನ ಅಂಗಿಗೆ ಗುಂಡಿ ಹಾಕಿಕೊಟ್ಟಿದ್ದನಂತೆ. ಆ ಗುಂಡಿಯ ಕಥೆ ಕೇಳದೆ ಅವನ ಅಂಗಡಿಯಿಂದ ಯಾರೂ ರವಿಕೆ ತಂದದ್ದಿಲ್ಲ. ನನ್ನ ದೊಡ್ಡಸ್ತಿಕೆ ಇವೆಲ್ಲಕ್ಕಿಂತ ತೂಕದ್ದು. ಮೂರನೆಯ ಕ್ಲಾಸಿನಲ್ಲಿದ್ದಾಗ ನಾನು ಒಬ್ಬ ರಾಷ್ಟ್ರನಾಯಕರಿಗೆ ಹಾರ ಹಾಕಿದ್ದೆ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಅವರನ್ನು ಹೊಗಳಲು, ಉಳಿದ ಅರ್ಧ ಜನ ಬೈಯಲು ಶುರುಮಾಡುತ್ತೀರಿ. ನನ್ನ ಕಥೆ ಹಾಗೇ ಉಳಿದುಬಿಡುತ್ತದೆ.

ನನ್ನ ತವರು ಮಾರನಹಳ್ಳಿ ಕಡೆಯ ಒಂದು ಸಣ್ಣ ಊರು, ಶಿರಾಡಿ ಘಾಟಿಯ ನೆತ್ತಿಯಲ್ಲಿ. ಆ ಕಾಲದ ಕಾರುಗಳು ಮಂಗಳೂರಿನಿಂದ ಘಾಟಿ ಹತ್ತಿ ಬರುವಷ್ಟರಲ್ಲಿ ಕುದಿಯುತ್ತಿದ್ದವು. ನಮ್ಮೂರ ರಸ್ತೆಬದಿಯಲ್ಲಿ ಬೆಟ್ಟದ ನೀರನ್ನು ಸೀಳಿದ ಅಡಿಕೆಮರದ ದಬ್ಬೆಯಲ್ಲಿ ಹರಿಸಿ ಬೀಳಿಸಿದ ಅಬ್ಬಿ ಇತ್ತು. ಬಾನೆಟ್ ಎತ್ತಿ, ರೇಡಿಯೇಟರಿಗೆ ಆ ನೀರು ಹೊಯ್ದುಕೊಳ್ಳದೆ ಯಾವ ಕಾರೂ ಮುಂದೆ ಹೋಗುತ್ತಿರಲಿಲ್ಲ. ಹಾಗಾಗಿ ನಾಯಕರು ಈ ದಾರಿಯಲ್ಲಿ ಹಾಸನಕ್ಕೆ ಹೋಗುತ್ತಾರೆಂದು ತಿಳಿದ ಕೂಡಲೇ ಊರಿನವರು ಸ್ವಾಗತವನ್ನು ಅಬ್ಬಿಯ ಹತ್ತಿರವೇ ಇಟ್ಟುಕೊಂಡರು. ನಾಯಕರೇ ಆದರೂ ಅವರ ಕಾರಿಗೆ ಬಾಯಾರಬೇಕಲ್ಲ. ಮನೆಮನೆಯಿಂದ ಏಲಕ್ಕಿ ಎತ್ತಿ ಹಾರ ಪೋಣಿಸಿದರು. ಮೇಷ್ಟ್ರು ನನಗೆ ಸ್ವಾಗತಗೀತೆ ಕಲಿಸಿದರು. ಮಂಜು ಎಷ್ಟಿತ್ತೆಂದರೆ ಪಕ್ಕದಲ್ಲಿ ನಿಂತವರ ಕೆಮ್ಮು ಕೇಳುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಕೊನೆಗೊಂದು ಬಿಳಿ ಅಂಬಾಸಿಡರ್ ಉಸಿರುಬಿಡುತ್ತಾ ಬಂದು ನಿಂತಿತು. ಬಿಳಿ ಪೈಜಾಮ, ಬಿಳಿ ಟೋಪಿಯವರೊಬ್ಬರು ಇಳಿದರು. ಮೇಷ್ಟ್ರು ನನ್ನನ್ನು ಎತ್ತಿ ಹಿಡಿದರು, ನಾನು ಹಾರ ಹಾಕಿದೆ, ಹಾಡಿದೆ. ಅವರು ನನ್ನ ಕೆನ್ನೆ ತಟ್ಟಿ, "ಚಂದ ಹಾಡಿದೆ ಮಗಾ" ಎಂದರು.

ಈ ಒಂದು ಮಾತಿನ ಮೇಲೆ ನಾನು ಸಂಸಾರ ನಡೆಸಿದ್ದೇನೆ ಎಂದರೆ ತಪ್ಪಿಲ್ಲ. ಆಲೂರು ಕಡೆಯ ಮಗ್ಗೆಯಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ನನ್ನ ಬಣ್ಣ ಅಷ್ಟಾಗಿ ಹಿಡಿಸಿರಲಿಲ್ಲ. ಹಾರದ ಕಥೆ ಹಿಡಿಸಿತು. ನಮ್ಮತ್ತೆ ಮನೆಗೆ ಬಂದವರಿಗೆ ಕಾಫಿಯ ಜೊತೆಗೆ ನನ್ನನ್ನೂ ತೋರಿಸುತ್ತಿದ್ದರು. ಯಜಮಾನರು ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದಾಗಲೆಲ್ಲ, "ದೇಶ ಆಳಿದವರೇ ನನ್ನನ್ನ ಮೆಚ್ಚಿದ್ದಾರೆ, ನಿಮ್ದೇನ್ರೀ" ಎನ್ನುತ್ತಿದ್ದೆ. ಪಾಪ, ಅವರು ಸುಮ್ಮನೆ ಉಣ್ಣುತ್ತಿದ್ದರು. ಈಗ ಅವರಿಲ್ಲ. ಉಪ್ಪು ಸರಿಯಿದೆಯೋ ಇಲ್ಲವೋ ಹೇಳುವವರೂ ಇಲ್ಲ.

ಈಗ ನಾನು ಆಲೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಸಿಂಚನಾ ಒಂಬತ್ತನೆಯ ಕ್ಲಾಸು. ನಮ್ಮ ಕಾಲದಲ್ಲಿ ಓದು ಎಂದರೆ ಮಗ್ಗಿ ಬಾಯಿಪಾಠ ಮಾಡುವುದು, ತಪ್ಪಿದರೆ ಕೈ ಮುಂದೆ ಚಾಚುವುದು. ಈಗ ಎಲ್ಲಕ್ಕೂ ಪ್ರಾಜೆಕ್ಟು. ಹೋದ ವರ್ಷ ಜ್ವಾಲಾಮುಖಿಯ ಪ್ರಾಜೆಕ್ಟಿಗೆ ನನ್ನ ಅಡುಗೆಸೋಡ ಪೂರ್ತಿ ಖಾಲಿಯಾಯಿತು. ಈ ವರ್ಷದ್ದು ರಾಷ್ಟ್ರನಾಯಕರ ಪ್ರಾಜೆಕ್ಟು. ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ರಾಷ್ಟ್ರನಾಯಕರೆಲ್ಲ ಹಾಳೆಯ ಲೆಕ್ಕದಲ್ಲಿ ಸಿಗುತ್ತಾರೆ. ಕತ್ತರಿಸಿ ಅಂಟಿಸಿದರೆ ಮುಗಿಯಿತು. ಆದರೆ ಸಿಂಚನಾಳ ಟೀಚರು ಈ ಸಲ, "ನಾಯಕರನ್ನ ಕಣ್ಣಾರೆ ಕಂಡವರನ್ನ ಮಾತಾಡಿಸಿ ಬರೀರಿ, ಹೇಳಿದ್ದು ನಿಜವೋ ಅಂತ ಇನ್ನೊಬ್ಬರನ್ನೂ ಕೇಳಿ" ಎಂದುಬಿಟ್ಟಿದ್ದರು. ಚೆನ್ನಾಗಿ ಬರೆದವರ ವರದಿ ಹಾಸನದ ವಸ್ತುಪ್ರದರ್ಶನಕ್ಕೆ ಹೋಗುತ್ತದಂತೆ. ಯಾವ ನಾಯಕರನ್ನು ಆರಿಸಿಕೊಳ್ಳಬೇಕೆಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಬೇಕಾಗಿ ಬರಲಿಲ್ಲ. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು ಕುರ್ಚಿಯಲ್ಲಿ ಕುಳಿತೆ.

ಸಿಂಚನಾ ಮೊಬೈಲಿನಲ್ಲಿ ನನ್ನ ಮಾತನ್ನೆಲ್ಲ ಹಿಡಿದುಕೊಂಡಳು. ಆಮೇಲೆ ತಲೆ ಕೆರೆದುಕೊಂಡು ಕೇಳಿದಳು: "ಅಜ್ಜಿ, ಅವರು ಉತ್ತರದವರಲ್ವಾ. 'ಚಂದ ಹಾಡಿದೆ ಮಗಾ' ಅಂತ ಕನ್ನಡದಲ್ಲಿ ಹೇಗೆ ಹೇಳಿದ್ರು?"

ಇಷ್ಟು ವರ್ಷ ಈ ಕಥೆ ಕೇಳಿದವರಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ ಇದು. ನನಗೂ ಹೊಳೆದಿರಲಿಲ್ಲ. "ದೊಡ್ಡವರು ಹೋದ ಕಡೆಯ ಭಾಷೆ ಕಲಿತೇ ಬರ್ತಾರೆ ಕಣೇ" ಎಂದು ದಬಾಯಿಸಿದೆ. ಅವಳು ಒಪ್ಪಲಿಲ್ಲ. ಇನ್ನೊಬ್ಬ ಸಾಕ್ಷಿ ಬೇಕಲ್ಲ ಎಂದು ತವರಿನಲ್ಲಿರುವ ನನ್ನ ಅಣ್ಣಯ್ಯನಿಗೆ ಫೋನು ಹಚ್ಚಿದಳು. ಅಣ್ಣಯ್ಯ ಆ ದಿನ ದೊಡ್ಡ ಹುಡುಗ, ಕಾಫಿ ಪಾತ್ರೆಯ ಉಸ್ತುವಾರಿ ಅವನದೇ. ಸ್ಪೀಕರಿನಲ್ಲಿ ಅವನ ನಗು ಮೊದಲು ಬಂತು, ಮಾತು ಆಮೇಲೆ.

"ಅದು ಲೀಡರ್ರು ಅಲ್ಲ ಕಣವ್ವ. ಅದ್ಯಾರೋ ಮಂಗಳೂರಿನ ಪಾಪದ ಮನುಷ್ಯ. ಸಕಲೇಶಪುರದಲ್ಲಿ ಬೇಕರಿ ಇಡಕ್ಕೆ ಜಾಗ ನೋಡಾನ ಅಂತ ಬಾಡಿಗೆ ಕಾರು ಮಾಡ್ಕಂಡು ಬಂದಿದ್ನಂತೆ, ಆಮೇಲೆ ಗೊತ್ತಾಯ್ತು. ನಾವು ಕೇಳೂ ಇಲ್ಲ, ಹಾರ ಹಾಕ್ಬುಟ್ವಿ."

"ಹಾಗಾದ್ರೆ ನಿಜವಾದ ಲೀಡರ್ ಬರಲೇ ಇಲ್ವಾ ತಾತ?"

"ಬಂದ್ರು ಕಣವ್ವ. ಅವನು ಕಾಫಿ ಕುಡೀತಾ ನಿಂತಿದ್ನಲ್ಲ, ಆಗ್ಲೇ ಹಿಂದಿಂದ ನಾಕೈದು ಕಾರು ಬಂದು ಹಾರನ್ ಹೊಡುದ್ವು. ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು. 'ಲೀಡರ್ರು ಕಾಫಿ ಕುಡೀತಾವ್ರೆ, ಗಲಾಟೆ ಮಾಡ್ಬ್ಯಾಡಿ, ಸೈಡಲ್ಲಿ ಹೋಗ್ರಿ' ಅಂತ ಕೈ ಬೀಸಿ ಕಳಿಸ್ಬುಟ್ರು. ಅವರೂ ನೀರು ಸೈತ ಹೊಯ್ಕಳ್ದೆ ಹೋಗ್ಬುಟ್ರು. ಮಾರನೇ ದಿನ ಪೇಪರ್ ನೋಡುದ್ಮೇಲೇನೆ ಮೇಷ್ಟ್ರಿಗೆ ಗೊತ್ತಾಗಿದ್ದು. ಯಾರೂ ಬಾಯಿ ಬಿಡ್ಬ್ಯಾಡ್ರಪ್ಪ ಅಂತ ಕೈಮುಗುದ್ರು."

ನಾನು ಫೋನು ಕಿತ್ತುಕೊಂಡೆ. "ಅಣ್ಣಯ್ಯ, ನನಗಾದ್ರೂ ಹೇಳಬಾರದಿತ್ತಾ?"

"ನೀನು ಅಷ್ಟು ಖುಷೀಲಿದ್ದೆ. ರಾತ್ರಿ ನಿದ್ದೇಲೂ ಆ ಹಾಡೇ ಹೇಳ್ತಿದ್ದೆ. ಅವ್ವ ಬ್ಯಾಡ ಅಂದ್ಲು. ಆಮೇಲೆ ನಿನ್ನ ಮದುವೆಗೂ ಅದೇ ಕಥೆ ಹೇಳ್ಬುಟ್ರಲ್ಲ, ಇನ್ನೆಲ್ಲಿ ಹೇಳಾದು."

ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ನಗುವ ವಿಷಯವೇ ಹೌದು, ಮಗ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಅಳು ಬಂತು. ಬದುಕಿನಲ್ಲಿ ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದೂ ಯಾರೋ ದಾರಿಹೋಕನ ಪಾಲಾಯಿತು. ಸತ್ಯ ತಿಳಿದೂ ಬಾಯಿ ಬಿಡದ ಅವ್ವನ ನೆನಪಾಗಿ ಇನ್ನಷ್ಟು ಅತ್ತೆ. ಸಿಂಚನಾ ಪಕ್ಕದಲ್ಲಿ ಕುಳಿತು, "ಅಜ್ಜಿ, ಬೇಕರಿಯವರು ಈಗಲೂ ಇದ್ದಾರೇನೋ ಹುಡುಕೋಣ" ಎಂದಳು. ಅವಳಿಗೆ ನನ್ನ ದುಃಖಕ್ಕಿಂತ ಪ್ರಾಜೆಕ್ಟಿನ ಚಿಂತೆ ಹೆಚ್ಚಿತ್ತು ಎಂದು ಆಗ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಸಕಲೇಶಪುರದಲ್ಲಿ ಮಂಗಳೂರಿನವರ ಹಳೆಯ ಬೇಕರಿ ಎಂದರೆ ಹುಡುಕುವ ಕೆಲಸವೇ ಇಲ್ಲ. ಸಂತೆಗೆ ಹೋದಾಗಲೆಲ್ಲ ನಾನು ಏಲಕ್ಕಿ ಬನ್ನು ತರುತ್ತಿದ್ದುದೇ ಅಲ್ಲಿಂದ. ಗಲ್ಲಾದಲ್ಲಿ ಕೂರುವ ಐರಿನ್ ಅದನ್ನಿಟ್ಟವರ ಮಗಳು, ನನಗಿಂತ ಚಿಕ್ಕವಳು. ಬನ್ನಿಗೆ ಚಿಲ್ಲರೆ ಕೊಡುವಷ್ಟು ಪರಿಚಯ ನಮ್ಮದು. ನಾವಿಬ್ಬರೂ ಅಲ್ಲಿಗೆ ಹೋಗಿ, ಸಿಂಚನಾ ವಿಷಯ ಹೇಳುತ್ತಿದ್ದ ಹಾಗೇ ಆಕೆ ಗಲ್ಲಾ ಬಿಟ್ಟು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಹಾರ ಹಾಕಿದ ಹುಡುಗಿ ನೀವಾ ಮಾರಾಯ್ರೆ? ನಮ್ಮ ಮನೆಯಲ್ಲಿ ಪಪ್ಪ ಇರುವವರೆಗೆ ಪ್ರತಿ ಕ್ರಿಸ್ಮಸ್ಸಿಗೆ ಆ ಕಥೆ ಹೇಳ್ಲಿಕ್ಕಿತ್ತು. ಅಣ್ಣತಮ್ಮಂದಿರ ಹತ್ರ ಜಗಳ ಆಗಿ ಊರು ಬಿಟ್ಟು ಬಂದದ್ದು ಅವರು. ಘಾಟಿಯಲ್ಲಿ ಕಾರು ಕೆಟ್ಟಾಗ ವಾಪಸ್ ಹೋಗುವ ಅಂತ ಇದ್ರಂತೆ. ರೇಡಿಯೇಟರಿಗೆ ನೀರು ಕೇಳಿದ್ರೆ ಹಾರ ಹಾಕ್ತಾರೆ, ಕಾಫಿ ಕೊಡ್ತಾರೆ. ಇಂಥ ಜನ ಇರುವ ಊರು ಬಿಟ್ಟು ಎಲ್ಲಿಗೆ ಹೋಗುದು ಅಂತ ಇಲ್ಲೇ ನಿಂತ್ರು. ಆ ಹಾರದ ಏಲಕ್ಕಿಯನ್ನೇ ಕುಟ್ಟಿ ಮೊದಲ ದಿನದ ಬನ್ನಿಗೆ ಹಾಕಿದ್ದು."

"ಯಾರಿಗೋ ಹಾಕಬೇಕಾದ ಹಾರ ಅಂತ ಅವರಿಗೆ ಗೊತ್ತಾಗಲಿಲ್ವಾ ಆಂಟಿ?" ಎಂದಳು ಸಿಂಚನಾ.

"ಮಾರನೇ ದಿನ ಗೊತ್ತಾಯ್ತಂತೆ. ಆದರೆ ಹಾಕಿಸಿಕೊಂಡ ಹಾರವನ್ನು ವಾಪಸ್ ಕೊಡ್ಲಿಕ್ಕೆ ಹೋಗ್ತಾರಾ?"

ನನ್ನ ಎದೆ ಹಗುರಾಯಿತು. ನಾಯಕರ ಕೊರಳಿಗೆ ಬಿದ್ದಿದ್ದರೆ ಆ ಹಾರ ಸಕಲೇಶಪುರ ದಾಟುವಷ್ಟರಲ್ಲಿ ಡಿಕ್ಕಿಗೆ ಹೋಗುತ್ತಿತ್ತು. ನನ್ನ ಹಾರದಿಂದ ಒಂದು ಸಂಸಾರ ಈ ಊರಲ್ಲಿ ನೆಲೆ ನಿಂತಿತ್ತು. ಅದರ ಬನ್ನನ್ನು ನಾನೇ ಇಷ್ಟು ವರ್ಷ ಕಾಫಿಗೆ ಅದ್ದಿ ತಿಂದಿದ್ದೆ. ಖುಷಿಯಲ್ಲಿ, "ನನ್ನ ಹಾಡಿನ ವಿಷಯ ಏನು ಹೇಳ್ತಿದ್ರು?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಐರಿನ್ ನಕ್ಕಳು. "ಹಾಡು ಎಲ್ಲಿ? ಎರಡು ಸಾಲಿಗೇ ಮರೆತುಹೋಗಿ ಜೋರು ಅಳ್ಲಿಕ್ಕೆ ಶುರು ಮಾಡಿದ್ರಂತೆ ನೀವು. ಮೂಗು ಬೇರೆ ಸೋರ್ತಿತ್ತಂತೆ. ಪಪ್ಪ ತಮ್ಮ ಕರ್ಚೀಫಿನಲ್ಲಿ ಒರೆಸಿ, ಪೆಪ್ಪರಮಿಂಟ್ ಕೊಟ್ಟು, 'ಚಂದ ಹಾಡಿದೆ ಮಗಾ' ಅಂತ ಸಮಾಧಾನ ಮಾಡಿದ್ದಂತೆ."

ಸಿಂಚನಾಳ ಮೊಬೈಲು ಇದನ್ನೂ ಹಿಡಿದುಕೊಂಡಿತ್ತು. ವರದಿಯಲ್ಲಿ ನಾಯಕರ ಬಗ್ಗೆ ಒಂದೇ ಪುಟ ಇದೆ, ಉಳಿದದ್ದೆಲ್ಲ ಬನ್ನಿನ ವಿಷಯ. ಟೀಚರು ಅದನ್ನೇ ಹಾಸನಕ್ಕೆ ಆರಿಸಿದ್ದಾರೆ. ಮೂಗಿನ ಸಾಲೊಂದನ್ನು ತೆಗೆದುಬಿಡು ಎಂದು ನಾನು ಎಷ್ಟು ಗೋಗರೆದರೂ, "ಸಾಕ್ಷಿ ಹೇಳಿದ್ದನ್ನ ತೆಗೆಯಕ್ಕಾಗಲ್ಲ ಅಜ್ಜಿ" ಎನ್ನುತ್ತಾಳೆ. ಇರಲಿ. ಈಗ ಮನೆಗೆ ಬಂದವರಿಗೆ ನಾನೇ ಮುಂದಾಗಿ ಏಲಕ್ಕಿ ಬನ್ನು ಕೊಟ್ಟು, ಅದು ನಾಯಕರಲ್ಲ, ಬೇಕರಿಯವರು ಎಂದು ಹೇಳುತ್ತೇನೆ. ಹಾಡನ್ನು ಮಾತ್ರ ಪೂರ್ತಿ ಹಾಡಿದೆನೆಂದೇ ಹೇಳುತ್ತೇನೆ. ಐರಿನ್ನಿಗೇನು ಗೊತ್ತು, ಅವಳಿನ್ನೂ ಹುಟ್ಟಿಯೇ ಇರಲಿಲ್ಲ.