ದೂರದ ಲಾರಿಯನ್ನು ದೊಡ್ಡದು ಮಾಡಿಸಿದವರಿಗೆ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಚಂಚಲಾ ವಿಡಿಯೋ ಗೇಮ್ಸ್ ಕಂಪನಿಯ ಗಿರಾಕಿ ಅಭಿಪ್ರಾಯ ವಿಭಾಗದ ಮುಖ್ಯಾಧಿಕಾರಿ ಶ್ರೀ ಬಂಗಾರಪ್ಪನವರ ಸನ್ನಿಧಿಗೆ,

ಮಾನ್ಯರೇ,

ಹರಿಹರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಬೋರ್ಡು ಬರೆದುಕೊಂಡಿರುವ ಪೇಂಟರ್ ಮಕ್ತುಮ್ ಸಾಬನು ಬ್ರಷ್ಷು ಕೆಳಗಿಟ್ಟು, ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡು, ತಮಗೆ ಸಲಾಮು ಹೇಳಿ ಬರೆದುಕೊಳ್ಳುವುದೇನೆಂದರೆ:

ಕಳೆದ ಜನವರಿಯಲ್ಲಿ, ಅಂದರೆ ೧೯೮೬ರಲ್ಲಿ, ದಾವಣಗೆರೆ ಬಸ್ ಸ್ಟ್ಯಾಂಡಿನ ಬಳಿಯ ಆಟದಂಗಡಿಯಲ್ಲಿ ಇಡಲಿದ್ದ ತಮ್ಮ ಲಾರಿ ರೇಸಿನ ಮಷೀನಿನ ಹಿಂದೆ ನಿಲ್ಲಿಸಲು ಆಳೆತ್ತರದ ರಸ್ತೆಯ ಚಿತ್ರವೊಂದನ್ನು ಬರೆದುಕೊಡಲು ತಾವು ಅಪ್ಪಣೆ ಮಾಡಿದಿರಿ. ನಾನು ಮೂರು ಬೆಳಗು ಹೆದ್ದಾರಿಯ ಪಕ್ಕ ನಿಂತು ನೋಡಿ ಬಂದು, ಹಲಗೆಯ ನಡುವೆ ಒಂದು ಮೊಳೆ ಹೊಡೆದು, ಅದಕ್ಕೆ ದಾರ ಕಟ್ಟಿ, ರಸ್ತೆಯ ಎರಡೂ ಅಂಚು, ಮರಗಳ ಸಾಲು, ತಂತಿ ಕಂಬ, ಎದುರು ಬರುವ ಲಾರಿಗಳು, ಎಲ್ಲವೂ ಆ ಒಂದೇ ಚುಕ್ಕೆಗೆ ಹೋಗಿ ಸೇರುವ ಹಾಗೆ ಬರೆದೆ. ನನ್ನ ಕೆಲಸವನ್ನು ಎಂದೂ ಹೊಗಳದ ನನ್ನ ಮನೆಯಾಕೆ ಸುಗ್ರಾಬಿ ಅದನ್ನು ನೋಡಿ, "ಅಯ್ಯೋ, ಮೈಮ್ಯಾಲೆ ಬಂದಂಗೈತಲ್ರೀ" ಎಂದು ಸೆರಗು ಸರಿಸಿಕೊಂಡು ಪಕ್ಕಕ್ಕೆ ಸರಿದಳು. ಮೂಲೆಯಲ್ಲಿ ನನ್ನ ಹೆಸರು ಬರೆದೆ.

ಆದರೆ ಒಬ್ಬ ಹೆಂಗಸಿನ ಅಭಿಪ್ರಾಯವನ್ನು ನಂಬುವಷ್ಟು ಹಗುರ ಮನುಷ್ಯರು ತಾವಲ್ಲ. ಬಿಸಿಲಿನಲ್ಲಿ ಫಾರಂ ಹಿಡಿದು ನಲವತ್ತು ಜನರನ್ನು ವಿಚಾರಿಸಿದ ತಮ್ಮ ಶ್ರದ್ಧೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ರಸ್ತೆ ಮೇಸ್ತ್ರಿ ಮಾಲತೇಶಪ್ಪನವರು "ಮುಂದೆ ರಸ್ತೆ ಸಣ್ಣದಾಗೈತೆ, ಎರಡು ಲಾರಿ ಎದುರಾದ್ರೆ ಹೆಂಗ್ರಿ?" ಎಂದರು, ತಾವು ರಸ್ತೆ ಅಗಲ ಮಾಡಿಸಿದಿರಿ. ಹೂವಿನ ಕಮಲಕ್ಕ "ಹಿಂದಿಂದು ಲಾರಿ ಮರಿ ಏನ್ರಿ?" ಎಂದು ನಕ್ಕರು; ತಾವು ದೂರದ ಲಾರಿಯನ್ನೂ ಹತ್ತಿರದ ಲಾರಿಯಷ್ಟೇ ದೊಡ್ಡದು ಮಾಡಿಸಿದಿರಿ. ಯಾರೋ ಭಕ್ತರು ಉಕ್ಕಡಗಾತ್ರಿ ಮಠಕ್ಕೆ ಹೋಗುವ ಬಸ್ಸು ಯಾಕಿಲ್ಲ ಎಂದು ಕೇಳಿದ್ದಕ್ಕೆ, ಕೆಳಗೆ ಜಾಗವಿಲ್ಲದೆ, ತಮ್ಮ ಅಪ್ಪಣೆಯಂತೆ ಅದನ್ನು ಆಕಾಶದಲ್ಲಿ ಬರೆದೆ.

ರಸ್ತೆ ಗೋಡೆಯಂತೆ ಎದ್ದು ನಿಂತಿತು. ಲಾರಿಗಳು ಗೋದಾಮಿನ ಚೀಲಗಳಂತೆ ಒಂದರ ಮೇಲೊಂದು ಕೂತವು. ಆಟಕ್ಕೆ ಬಂದ ಕಾಲೇಜು ಹುಡುಗರು "ಇದೇನ್ ಗ್ಯಾರೇಜ್ ಬೋರ್ಡಾ?" ಎಂದು ಹೊರಟುಹೋದರು. ಕೂಡಲೇ ತಾವು ಎರಡನೆಯ ಸಮೀಕ್ಷೆ ನಡೆಸಿ, ನಲವತ್ತರಲ್ಲಿ ಮೂವತ್ತೊಂದು ಮಂದಿಯ ಪ್ರಕಾರ ಪೇಂಟರನಿಗೆ ಚಿತ್ರ ಬರೆಯಲು ಬರುವುದಿಲ್ಲವೆಂಬ ಸತ್ಯವನ್ನು ಮೊಹರು ಹಾಕಿ ನನಗೆ ಕಳಿಸಿದಿರಿ. ಹೆಸರನ್ನಾದರೂ ಅಳಿಸುತ್ತೇನೆ ಎಂದು ಬೇಡಿದರೆ, ಹೊಣೆಗಾರ ಯಾರೆಂದು ಜನರಿಗೆ ತಿಳಿದಿರಬೇಕು ಎಂದಿರಿ. ತಿಳಿಯಿತು. ಹರಿಹರದ ಇಬ್ಬರು ಅಂಗಡಿಯವರು ನನಗೆ ಕೊಟ್ಟಿದ್ದ ಬೋರ್ಡಿನ ಕೆಲಸ ವಾಪಸ್ ತೆಗೆದುಕೊಂಡರು. ಆ ವಾರವೆಲ್ಲ ನಾನು ಬಜಾರಿಗೆ ಹೋಗಲಿಲ್ಲ.

ಕಡೆಗೆ ಒಂದು ಶುಕ್ರವಾರ, ಆಟದಂಗಡಿಗೆ ರಜೆ ಇದ್ದಾಗ, ತಮ್ಮ ಅಪ್ಪಣೆಯಿಲ್ಲದೆ ಬಣ್ಣದ ಡಬ್ಬಿಗಳೊಂದಿಗೆ ಹೋದೆ. ಅಂಗಡಿಯೊಡತಿ ದಿಲ್ಷಾದ್ ಬೇಗಂ "ಬರ್ರಿ ಭಾಯಿ, ಹೆಸರು ನಿಮ್ದು, ನೀವೇ ನೋಡ್ಕಳ್ರಿ" ಎಂದು ಬೀಗ ತೆಗೆದರು. ಸಂಜೆಯೊಳಗೆ ರಸ್ತೆಯನ್ನು ಮಲಗಿಸಿದೆ, ಲಾರಿಯನ್ನು ದೂರಕ್ಕೆ ಕಳಿಸಿದೆ, ಬಸ್ಸನ್ನು ಆಕಾಶದಿಂದ ಇಳಿಸಿದೆ.

ಮರುದಿನ ಲಾರಿ ಡ್ರೈವರ್ ಜಮಾಲುದ್ದೀನ್ ಚಹಾ ಹಿಡಿದು ಒಳಗೆ ಬಂದವನು ಚಿತ್ರದ ಮುಂದೆ ತಟ್ಟನೆ ನಿಂತ. ನಾನೇನೂ ಕೇಳಲಿಲ್ಲ. ಅವನ ಬಲಗಾಲು ತಾನಾಗಿ ನೆಲವನ್ನು ಒತ್ತಿತು, ಬ್ರೇಕ್ ಒತ್ತಿದ ಹಾಗೆ. ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನು ನಕ್ಕು ಆಟಕ್ಕೆ ಕೂತ. ಅವನ ಹಿಂದೆ ಸಾಲು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಬಣ್ಣದ ವಾಸನೆಗೆ ಎಂದು ದಿಲ್ಷಾದ್ ಬೇಗಂರಿಗೆ ಹೇಳಿದೆ.

ಈ ಯಶಸ್ಸು ಮೂರನೆಯ ಸಮೀಕ್ಷೆಯ ಫಲವೆಂದು ತಾವು ವರದಿ ಬರೆದಿರುವುದನ್ನು ಕೇಳಿ ಅಪಾರ ಸಂತೋಷವಾಯಿತು. ತಮ್ಮ ಫಾರಂನಲ್ಲಿ ಗಿರಾಕಿಯ ಬಾಯಿಗೆ ಹನ್ನೆರಡು ಕಾಲಂಗಳಿವೆ. ಬ್ರೇಕ್ ಒತ್ತುವ ಕಾಲಿಗೂ ಒಂದನ್ನು ದಯಪಾಲಿಸಬೇಕೆಂದೂ, ಸಾಧ್ಯವಾದರೆ ಸಂಜೆಯ ಸೂರ್ಯ ಎಷ್ಟು ದೊಡ್ಡದಾಗಿರಬೇಕೆಂದು ನಲವತ್ತು ಜನರನ್ನು ಕೇಳಿ ಬದಲಾಯಿಸಿಕೊಡಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ, ಹೆಸರು ಅಳಿಸದೆ ಉಳಿದ
ಮಕ್ತುಮ್ ಸಾಬ್, ಪೇಂಟರ್, ಹರಿಹರ

ವಿ.ಸೂ.: ಹರಿಹರದ ರೈಲು ಹಳಿಗಳೂ ದೂರದಲ್ಲಿ ಒಂದಕ್ಕೊಂದು ಕೂಡಿಕೊಂಡಂತೆ ಕಾಣುತ್ತವೆ. ದಯವಿಟ್ಟು ಅಲ್ಲಿ ಫಾರಂ ಹಂಚಬೇಡಿ. ನಾನು ದಿನವೂ ಆ ಹಳಿಗಳ ಮೇಲಿನ ರೈಲಿನಲ್ಲೇ ದಾವಣಗೆರೆಗೆ ಬರುವವನು.