ಬೆಣ್ಣೆದೋಸೆಯ ವಂಶಪರೀಕ್ಷೆ

ಆಲಿಸಿರಿ ರಸಿಕರೇ! ಕಂಪ್ಯೂಟರೆಂಬ ಮಹಾದೈತ್ಯನನ್ನು ನರಮಾನವರು ಬೆರಳ ತುದಿಯಿಂದ ಕುಟ್ಟಿ ಕುಟ್ಟಿ ಪಳಗಿಸುತ್ತಿರುವ ಈ ಕಲಿಯುಗದಲ್ಲಿ, ಸಕಲದೋಸಾಸಾಮ್ರಾಜ್ಯರಾಜಧಾನಿಯಾದ ದಾವಣಗೆರೆಯಲ್ಲಿ, ಕೀಲಿಮಣೆಕುಟ್ಟನಪ್ರಚಂಡನೂ ದೋಷದಾನವದಮನದೋರ್ದಂಡನೂ ಕಿಟಕಿಪಕ್ಕದಕುರ್ಚಿಮಂಡಲಾಧೀಶ್ವರನೂ ಆದ ವೃಷಭೇಂದ್ರನೆಂಬ ತಂತ್ರಾಂಶವೀರನಿದ್ದನು.

ಹೋಟೆಲುಗಳ ಬಿಲ್ಲು ಮಾಡುವ ತಂತ್ರಾಂಶ ಅವನ ಸೃಷ್ಟಿ. ದೋಸೆಯಲ್ಲದ್ದು ದೋಸೆಯ ಹೆಸರಿನಲ್ಲಿ ಒಳನುಸುಳದಂತೆ ಅದರ ಹೆಬ್ಬಾಗಿಲಲ್ಲಿ ಒಂದು ಟೆಸ್ಟನ್ನು ಕಾವಲಿಗೆ ನಿಲ್ಲಿಸಿದ್ದನು. ಅಂದು ಸಂಜೆಯೇ ಗಿರಾಕಿಯ ಹೋಟೆಲಿನಲ್ಲಿ ಉದ್ಘಾಟನೆ. ಟೆಸ್ಟು ಪಾಸಾಗಿ ಪರದೆ ಹಸಿರಾಗದೆ ತಂತ್ರಾಂಶ ಹೊಸಿಲು ದಾಟುವಂತಿಲ್ಲ. ಅಯ್ಯೋ ವಿಧಿಯೇ, ಪರದೆ ಕೆಂಪಗೆ ಉರಿಯಿತು! ಬೆಣ್ಣೆದೋಸೆಗೆ ಪ್ರವೇಶವಿಲ್ಲವಂತೆ!

ವೀರನು ಕುರ್ಚಿಯಿಂದೆದ್ದು ಗರ್ಜಿಸಿದನು: “ಎಲೌ ಶಾಲ್ಮಲೇ! ನೀನು ಬರೆದ ಬೆಣ್ಣೆದೋಸೆಯ ಕೋಡಿನಲ್ಲೇ ಐಬಿದೆ! ಈ ಭುಜಬಲದಿಂದ ಬರೆದ ಟೆಸ್ಟು ತಪ್ಪುವುದುಂಟೆ? ಅದರಲ್ಲಿ ಒಂದಕ್ಷರ ಬದಲಾದರೂ ಈ ಕಿಟಕಿ ಪಕ್ಕದ ಸಿಂಹಾಸನ ನಿನ್ನದು, ಸೋರುವ ಏಸಿಯಡಿಯ ನಿನ್ನ ಜಾಗ ನನ್ನದು!”

ತಲೆಗೆ ದುಪಟ್ಟಾ ಹೊದ್ದು ಏಸಿಯಡಿ ಕೂತಿದ್ದ ಸಹೋದ್ಯೋಗಿ ಶಾಲ್ಮಲಾ ತಿರುಗಿಯೂ ನೋಡಲಿಲ್ಲ. “ಸರ್, ನಿಮ್ ಟೆಸ್ಟು ‘ನೀನು ಬರೀ ದೋಸೆನಾ?’ ಅಂತ ಕೇಳ್ತೈತೆ. ಪಾಪ, ಅದು ‘ಅಲ್ಲ, ಬೆಣ್ಣೆದೋಸೆ’ ಅಂತೈತೆ. ‘ದೋಸೆ ವಂಶದ್ದಾ?’ ಅಂತ ಕೇಳ್ಬೇಕಿತ್ತು. ದಾವಣಗೆರೇಲಿ ಕೂತು ಬೆಣ್ಣೆದೋಸೆ ದೋಸೆನೇ ಅಲ್ಲ ಅಂದ್ರೆ ಜನ ಸುಮ್ನೆ ಬಿಡ್ತಾರೇನ್ರೀ?”

ವೀರನಿಗೆ ಮೈಯೆಲ್ಲ ಉರಿಯಿತು. ಯಂತ್ರವನ್ನು ಆರಿಸಿ ಹೊತ್ತಿಸಿದನು, ವೈಫೈಯನ್ನು ಶಪಿಸಿದನು, ಮೌಸನ್ನು ಮೇಜಿಗೆ ಕುಟ್ಟಿದನು. ಪರದೆ ಕೆಂಪಾಗಿಯೇ ಇತ್ತು.

ಅಷ್ಟರಲ್ಲಿ ಮಧ್ಯಾಹ್ನದ ಪಾರ್ಸೆಲ್ಲು ಬಂತು. ಫೋನಿನಲ್ಲಿ ಅವನು ಹೇಳಿದ್ದು “ಒಂದು ದೋಸೆ” ಎಂದಷ್ಟೇ. ಬಿಚ್ಚಿದರೆ ಬೆಣ್ಣೆದೋಸೆ! ಬೆಣ್ಣೆ ಕರಗಿ ಅಂಚಿನತ್ತ ಹರಿಯುತ್ತಿತ್ತು.

“ಅಯ್ಯ, ನೀವ್ ಹೇಳಿದ್ದು ದೋಸೆ, ಇದು ಬೆಣ್ಣೆದೋಸೆ,” ಎಂದಳು ಶಾಲ್ಮಲಾ, ನಗು ತಡೆದುಕೊಂಡು. “ವಾಪಸ್ ಕಳಿಸ್ಲಾ, ಸರ್?”

ದೋಷದಾನವದಮನದೋರ್ದಂಡನ ಹೊಟ್ಟೆ ಆಗಲೇ ಚುರುಗುಟ್ಟುತ್ತಿತ್ತು. ಅವನು ಪರದೆಯನ್ನು ನೋಡಿದನು, ದೋಸೆಯನ್ನು ನೋಡಿದನು, ಬಾಯಲ್ಲಿ ಬಂದ ನೀರನ್ನು ನುಂಗಿದನು.

“ಇರ್ಲಿ ಬಿಡಮ್ಮ. ಇದೂ ದೋಸೆನೇ.”

ಆಮೇಲೆ ಆ ಮಹಾಬಾಹು ಟೆಸ್ಟಿನಲ್ಲಿ ‘ಬರೀ ದೋಸೆನಾ?’ ಎಂದು ಕೇಳುತ್ತಿದ್ದ ಸಮಚಿಹ್ನೆಯನ್ನು ಅಳಿಸಿ, ವಂಶ ಕೇಳುವ ಒಂದೇ ಒಂದು ಪದ ಸೇರಿಸಿದನು. ಪರದೆ ಹಸಿರಾಯಿತು. ತಂತ್ರಾಂಶ ಹೋಟೆಲಿಗೆ ಹೊರಟಿತು. ಶಾಲ್ಮಲಾ ತನ್ನ ಬ್ಯಾಗನ್ನು ಕಿಟಕಿ ಪಕ್ಕದ ಕುರ್ಚಿಗೆ ನೇತುಹಾಕಿದಳು.

ವೃಷಭೇಂದ್ರ ಪಾರ್ಸೆಲ್ಲು ಹಿಡಿದು ಹೊಸ ಜಾಗಕ್ಕೆ ಹೋಗಿ ಕೂತ. ಮೊದಲ ತುತ್ತು ಮುರಿಯುವಷ್ಟರಲ್ಲಿ ಏಸಿಯಿಂದ ಒಂದು ಹನಿ ತೊಟಕ್ಕೆಂದು ಚಟ್ನಿಗೆ ಬಿತ್ತು.