‘ಹೋಗ್ತೀನ್ರಿ’ ಎನ್ನುವ ವೈನಿ

ನಮ್ಮ ವೈನಿಗೆ ಎಲ್ಲ ಬರುತ್ತದೆ, ಒಬ್ಬರ ಮನೆಯಿಂದ ಹೊರಡುವುದು ಮಾತ್ರ ಬರುವುದಿಲ್ಲ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಕಲಘಟಗಿಯಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಇಪ್ಪತ್ತು ವರ್ಷದಿಂದ ವೈನಿ ನರ್ಸಿಂಗ್ ಶಾಲೆಯೊಂದರಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದಾರೆ. ಸಾಯುವವರ ಬಾಜೂ ಹೇಗೆ ನಿಲ್ಲಬೇಕು ಎಂದು ಕಲಿಸುವ ಈ ಹೆಂಗಸಿಗೆ, ಉಂಡ ಮನೆಯಿಂದ ಏಳುವಾಗ ಏನು ಹೇಳಬೇಕೆಂದು ತಿಳಿಯದು ಎಂದರೆ ನಂಬುತ್ತೀರಾ? ಮೊದಲು ಇದನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಈ ಮಳೆಗಾಲದಿಂದ ಈಚೆಗೆ ಹೇಳುವಾಗ ನನಗೇ ನಗು ಬರುವುದಿಲ್ಲ.

ನಮ್ಮ ಕಡೆ ಯಾರೂ ಯಾರ ಮನೆಯಿಂದಲೂ ಬರೀ ‘ಹೋಗು’ವುದಿಲ್ಲ. ‘ಹೋಗಿ ಬರ್ತೀನ್ರಿ’ ಎನ್ನಬೇಕು. ಜಗಳವಾಡಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿದವನೂ ಚಪ್ಪಲಿ ಮೆಟ್ಟುತ್ತ ‘ಬರ್ತೀನಿ’ ಎಂದೇ ಇಳಿಯುತ್ತಾನೆ. ವೈನಿ ಹಾಗಲ್ಲ. ಹೊಸ ಮದುಮಕ್ಕಳ ಮನೆಯಲ್ಲಿ ಹೋಳಿಗೆ ಉಂಡು, ಉಡಿ ತುಂಬಿಸಿಕೊಂಡು, ಬಾಗಿಲಲ್ಲಿ ನಿಂತು ‘ನಾ ಹೋಗ್ತೀನ್ರಿ’ ಎಂದುಬಿಡುತ್ತಾರೆ! ಒಳಗಿನ ಮುದುಕಿಯರೆಲ್ಲ ಎದೆ ಹಿಡಿದುಕೊಂಡು ‘ಬಿಡ್ತು ಅನ್ನವಾ’ ಎನ್ನುತ್ತಾರೆ. ವೈನಿ ಬಿಡ್ತು ಅನ್ನುವುದಿಲ್ಲ. ಅವರ ಪರವಾಗಿ ನಮ್ಮ ಅವ್ವನೇ ‘ಬಿಡ್ತು, ಬಿಡ್ತು’ ಎಂದು ಹೇಳಿ ಹೇಳಿ ದಣಿದಿದ್ದಾಳೆ.

ಇದಕ್ಕೆಲ್ಲ ಕಾರಣ ಅವರ ಪಾಠ. ದವಾಖಾನೆಯಲ್ಲಿ ಹುಟ್ಟುವ ಸುಳ್ಳುಗಳಲ್ಲಿ ಅತಿ ದೊಡ್ಡದು ನರ್ಸು ಹೇಳುವ ‘ಈಗ ಬಂದೆ’ ಎನ್ನುವುದು ವೈನಿಯ ಸಿದ್ಧಾಂತ. ನೀರು ಬೇಕೆಂದವರಿಗೆ, ಸೂಜಿ ಹಾಕಿದ ಕೈ ಉರಿಯುತ್ತದೆ ಎಂದವರಿಗೆ ‘ಈಗ ಬಂದೆ’ ಎಂದು ಹೋದವಳು ನಾಲ್ಕು ಮಂಚ ದಾಟುವಷ್ಟರಲ್ಲಿ ಮರೆತಿರುತ್ತಾಳೆ. ಮಲಗಿದವರು ಮರೆಯುವುದಿಲ್ಲ. “ಮಂಚದ ಮ್ಯಾಲ ಇದ್ದವ್ರಿಗೆ ಬಾಗಲಾ ನೋಡೂದೊಂದ ಕೆಲಸಾ ಇರ್ತೈತಿ” ಎನ್ನುವುದು ಅವರ ಮೊದಲ ದಿನದ ಪಾಠ. ಮೂಳೆ ಎಷ್ಟು, ನರ ಎಷ್ಟು ಎಂಬುದೆಲ್ಲ ಎರಡನೆಯ ದಿನಕ್ಕೆ. ಬರ್ತೀನಿ ಅಂದರೆ ಬರಬೇಕು, ಬರಲಾಗದಿದ್ದರೆ ಅನ್ನಬಾರದು. ಹುಡುಗಿಯರಿಗೆ ಹೇಳಿದ್ದನ್ನು ತಾವು ಮಾಡದಿದ್ದರೆ ಹೇಗೆ ಎಂದು ಮದುವೆ, ಮುಂಜಿ, ಮಣ್ಣು ಎಲ್ಲ ಕಡೆಯೂ ಇದನ್ನೇ ಪಾಲಿಸುತ್ತಾರೆ. ಮಣ್ಣಿಗೆ ಹೋದಾಗ ಮಾತ್ರ ಯಾರೂ ತಪ್ಪು ಹಿಡಿಯುವುದಿಲ್ಲ. ಸತ್ತವರ ಮನೆಯಿಂದ ಬರ್ತೀನಿ ಅನ್ನಬಾರದಲ್ಲ!

ಒಮ್ಮೆ ಮೊರಬದಲ್ಲಿ ನೆಂಟರ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಹೊರಡುವಾಗ ವೈನಿಯ ಬಾಯಿ ತಪ್ಪಿ ‘ಬರ್ತೀನ್ರಿ’ ಬಂದುಬಿಟ್ಟಿತು. ಅವ್ವನಿಗಾದ ಆನಂದ ಹೇಳತೀರದು. ಬಸ್ಸು ಊರು ದಾಟಿ ಎರಡು ಮೈಲಿ ಬಂದಿರಬೇಕು, ವೈನಿ ಎದ್ದು ನಿಂತು ಬಸ್ಸು ನಿಲ್ಲಿಸಿದರು. ಎದುರು ಬಂದ ಟ್ರ್ಯಾಕ್ಟರ್ ಹತ್ತಿದರು, ನನ್ನನ್ನೂ ಹತ್ತಿಸಿದರು. ಮರಳಿ ಅದೇ ಮನೆಯ ಬಾಗಿಲಲ್ಲಿ ನಿಂತು ‘ಬಂದೇನ್ರಿ’ ಎಂದರು. ಒಳಗೆ ಆಗತಾನೇ ನಾವು ಕೂಸಿನ ತಲೆಗೆ ಕೊಟ್ಟ ಕುಂಚಿಗೆಯ ಬಟ್ಟೆ ಎಷ್ಟು ತೆಳು ಎಂಬ ಚರ್ಚೆ ನಡೆದಿತ್ತು. ಕುಂಚಿಗೆ ಯಜಮಾನಿಯ ಕೈಯಲ್ಲೇ ಇತ್ತು! ವೈನಿ ಒಂದು ಲೋಟ ನೀರು ಕುಡಿದು, ಇನ್ನು ಹೋಗ್ತೀನಿ ಎಂದು ಹೊರಟರು. ಅಂದಿನಿಂದ ಆ ಮನೆಯವರು ನಾವು ಎದ್ದ ಮೇಲೆ ಒಂದು ತಾಸು ನಮ್ಮ ವಿಷಯ ಆಡುವುದಿಲ್ಲವಂತೆ.

ಶಾಲೆಯಲ್ಲೂ ಇದೇ ಕಥೆ. ಜೊತೆಯ ಶಿಕ್ಷಕಿಯೊಬ್ಬರ ಗಂಡ ಹಾಸಿಗೆ ಹಿಡಿದಾಗ, ನೋಡಿಕೊಳ್ತೀನಿ ಅಂದಿದ್ದೆ ಎಂದು ನಾಲ್ಕು ತಿಂಗಳು ಅವರ ತರಗತಿಗಳನ್ನೂ ತಾವೇ ತೆಗೆದುಕೊಂಡರು. ಯಾಕಿಷ್ಟು ತಡ ಎಂದು ಅಣ್ಣ ಕೇಳಿದರೆ, ಬೇಗ ಬಂದರೆ ಅತ್ತೆಯ ಮಾತು ಕೇಳಬೇಕಲ್ಲ ಎಂದರು. ಅವ್ವ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟಳು. ಆ ನಾಲ್ಕು ತಿಂಗಳಲ್ಲಿ ವೈನಿಗೆ ಸಿಕ್ಕ ವಿಶ್ರಾಂತಿ ಆ ಎರಡು ದಿನವೇ.

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಯೇ ವಾರ್ಡು. ರವಿವಾರ ಹುಡುಗಿಯರು ಬರುತ್ತಾರೆ, ನಾವು ಮಲಗುತ್ತೇವೆ. ಅಣ್ಣನ ಎರಡೂ ಕೈಗೆ ಪಟ್ಟಿ ಸುತ್ತಿದ್ದನ್ನು ನೋಡಿ ಹಾಲಿನವನು ಕಣ್ಣೀರು ಹಾಕಿ ಹೋಗಿದ್ದಾನೆ. ಒಂದು ಸಲ ಆರು ಹುಡುಗಿಯರು ನನ್ನ ನಾಡಿ ಎಣಿಸಿದರು, ಆರು ಲೆಕ್ಕ ಬಂತು. ಒಬ್ಬಳ ಲೆಕ್ಕದ ಪ್ರಕಾರ ನಾನು ತೀರಿಕೊಂಡು ಅರ್ಧ ತಾಸಾಗಿತ್ತು! ವೈನಿ ಅವಳನ್ನು ಬೈಯಲಿಲ್ಲ. ಅವಳ ಬೆರಳು ಹಿಡಿದು ನನ್ನ ಮಣಿಕಟ್ಟಿನ ಸರಿಯಾದ ಜಾಗದಲ್ಲಿಟ್ಟು, ನಾನು ಬದುಕಿರುವುದನ್ನು ಅವಳೇ ಕಂಡುಹಿಡಿಯುವ ತನಕ ಸುಮ್ಮನೆ ಕಾದರು. ಕಂಡುಹಿಡಿದಾಗ ಆ ಹುಡುಗಿಗಾದ ಖುಷಿ ನನ್ನ ಹೆಂಡತಿಗೂ ಆಗಲಿಕ್ಕಿಲ್ಲ.

ಆ ಹುಡುಗಿ ತಂಬೂರದವಳು. ಈ ಮಳೆಗಾಲ ಅವಳಿಗೆ ವಾರ್ಡಿನ ಕೆಲಸವಿತ್ತು. ಒಬ್ಬ ಮುದುಕಿ ನೀರು ಕೇಳಿದಳು. ‘ಈಗ ಬಂದೆ ಆಯಿ’ ಎಂದು ಹುಡುಗಿ ಹೋದಳು. ನಡುವೆ ಇನ್ನೊಂದು ಮಂಚದವರಿಗೆ ವಾಂತಿಯಾಯಿತು, ಅಲ್ಲಿ ನಿಂತಳು. ಕಾಲು ತಾಸಿನ ಮೇಲೆ ನೀರು ತಂದಾಗ ಮುದುಕಿ ತೀರಿಕೊಂಡಿದ್ದಳು. ಮುಖ ಬಾಗಿಲ ಕಡೆಗಿತ್ತಂತೆ. ನೀರು ಕೊಟ್ಟಿದ್ದರೂ ಆಕೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು, ಮುದುಕಿಯ ಮಗನೂ ಹೇಳಿದ. ಹುಡುಗಿ ತನ್ನ ಸಮವಸ್ತ್ರ ಮಡಚಿ ವೈನಿಯ ಮೇಜಿನ ಮೇಲಿಟ್ಟು ಊರಿಗೆ ಹೋದವಳು ಮರಳಲಿಲ್ಲ. ಫೋನು ಎತ್ತಲಿಲ್ಲ. ಕೊನೆಯ ವರ್ಷದ ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಈ ಸಲ ಕೂರದಿದ್ದರೆ ಮುಂದಿನ ಸಲಕ್ಕೆ ಅವಳು ಯಾರ ಮನೆಯ ಸೊಸೆಯೋ!

ವೈನಿಗೆ ಊಟ ಸೇರದಾಯಿತು. ನಮಗೆ ಉಪದೇಶ ಮಾಡುವುದು ನಿಂತಿತು. ಇಪ್ಪತ್ತು ವರ್ಷ ಬೇಡಿಕೊಂಡಿದ್ದ ಶಾಂತಿ ಕೊನೆಗೂ ಮನೆಗೆ ಬಂದಾಗ ಅದನ್ನು ತಡೆದುಕೊಳ್ಳಲು ನಮ್ಮಿಂದ ಆಗಲಿಲ್ಲ. ತಾವು ಕಲಿಸಿದ ಮಾತೇ ಆ ಕೂಸಿನ ಕುತ್ತಿಗೆಗೆ ಬಿತ್ತು ಎಂದು ಅಣ್ಣನ ಹತ್ತಿರ ಹೇಳಿದರಂತೆ. ರವಿವಾರ ಬೆಳಿಗ್ಗೆ ನನ್ನನ್ನು ಕರೆದುಕೊಂಡು ತಂಬೂರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹಾಳೆಯಲ್ಲಿ ಬರೆದುಕೊಂಡ ಮಾತುಗಳನ್ನು ಓದಿಕೊಳ್ಳುತ್ತಿದ್ದರು. ಇಳಿದು ಕೆಸರಿನಲ್ಲಿ ನಡೆಯುವಾಗ ಮೂರು ಸಲ ನಿಂತರು. ಗದ್ದೆ ನೋಡುತ್ತಿದ್ದಾರೆಂದು ನಾನೂ ನಿಂತು ನೋಡಿದೆ. ನಾಟಿ ಚೆನ್ನಾಗಿಯೇ ಆಗಿತ್ತು.

ಹುಡುಗಿಯ ಅಪ್ಪ ಕುರ್ಚಿ ಹಾಕಿದ. ಅವಳ ಅವ್ವ ಚಹಾ ಇಡಲು ಹೋದಳು. ಹುಡುಗಿ ಬಂದು ಬಾಗಿಲಿಗೆ ಒರಗಿ, ತಲೆ ತಗ್ಗಿಸಿ ನಿಂತಳು. ವೈನಿ ಹಾಳೆಯನ್ನು ಚೀಲದಿಂದ ತೆಗೆಯಲೇ ಇಲ್ಲ.

“ತಪ್ಪ ನಂದೈತಿ” ಎಂದರು. “ಬರ್ತೀನಿ ಅಂದ್ರ ಬರಬೇಕಂತ ಕಲಿಸಿದೆ. ಬರಾಕ ಆಗಲಿಲ್ಲಂದ್ರ ಏನ ಮಾಡಬೇಕಂತ ಕಲಿಸಲಿಲ್ಲ. ನನಗೂ ಗೊತ್ತಿಲ್ಲವಾ.”

ಹುಡುಗಿ ತಲೆ ಎತ್ತಲಿಲ್ಲ. ಎಂಥ ಹಟಮಾರಿ, ಇಷ್ಟು ದೂರ ಬಂದವರ ಮುಖ ನೋಡಬಾರದೇ ಎಂದು ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ಅವಳು ಬಂದು ವೈನಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

“ಕಾಲ ಮುಟ್ಟಲೇನ್ರಿ ಮೇಡಂ?”

ನಮಸ್ಕಾರ ಮಾಡುತ್ತಾಳೆಂದು ಅವಳ ಅಪ್ಪ ಕೈ ಮುಗಿದ. ನಾನೂ ಮುಗಿದೆ. ಅವಳು ನಮಸ್ಕಾರ ಮಾಡಲಿಲ್ಲ. ಸೀರೆಯ ಅಂಚು ತುಸು ಸರಿಸಿ, ಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ಒತ್ತಿದ ಜಾಗ ಗುಳಿ ಬಿದ್ದು ಹಾಗೆಯೇ ಉಳಿಯಿತು, ಹಿಟ್ಟಿನ ಮೇಲೆ ಒತ್ತಿದಂತೆ. ಎಷ್ಟು ದಿನವಾಯಿತು ಎಂದು ಕೇಳಿದಳು. ಮಳೆ ಹಿಡಿದಾಗಿನಿಂದ ಎಂದು ವೈನಿ ಪಾಠ ಓದಿಕೊಂಡು ಬರದ ಹುಡುಗಿಯ ದನಿಯಲ್ಲಿ ಹೇಳಿದರು.

“ಮಲಗೂ ಮುಂದ ಎಷ್ಟ ದಿಂಬ ಇಟಗೊಂತೀರಿ?”

“ಮೂರು.”

ತಿಂಗಳ ಹಿಂದೆ ನನ್ನ ದಿಂಬು ಕಾಣೆಯಾಗಿತ್ತು. ಅದಕ್ಕಾಗಿ ಅವ್ವನೊಂದಿಗೆ ಜಗಳವಾಡಿದ್ದೆ. ಅಂಗಾತ ಮಲಗಿದರೆ ಉಸಿರು ಸಿಗದೆ ವೈನಿ ದಿಂಬಿನ ಮೇಲೆ ದಿಂಬಿಟ್ಟು ಕುಳಿತೇ ನಿದ್ದೆ ಮಾಡುತ್ತಿದ್ದಾರೆ ಎಂಬುದು ಒಂದೇ ಸೂರಿನ ಕೆಳಗಿದ್ದ ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹುಡುಗಿ ಎದ್ದು ಒಳಗೆ ಹೋಗಿ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. “ಏಳ್ರಿ, ದವಾಖಾನಿಗೆ ಹೋಗೂಣು” ಎಂದಳು. ಚಹಾ ಆದರೂ ಆಗಲಿ ಎಂದ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ವೈನಿ ಎದ್ದರು. ಬಸ್ಸಿನಲ್ಲಿ ಅವಳು ತನ್ನ ಚೀಲವನ್ನು ವೈನಿಯ ಕಾಲ ಕೆಳಗಿಟ್ಟು, ಹುಬ್ಬಳ್ಳಿಯ ತನಕ ಅವರ ಮಣಿಕಟ್ಟು ಹಿಡಿದೇ ಕುಳಿತಿದ್ದಳು. ಹೃದಯ ಬಹಳ ದಣಿದಿದೆ ಎಂದು ಡಾಕ್ಟರು ಸಂಜೆ ಹೇಳಿದರು. ಗುಳಿಗೆ ಕೊಟ್ಟರು, ಉಪ್ಪು ಬಿಡಿಸಿದರು, ಮುಂದೆ ನೋಡೋಣ ಎಂದರು. ಹುಡುಗಿ ಪರೀಕ್ಷೆಗೆ ಕುಳಿತಳು.

ಪ್ರತಿ ವರ್ಷ ದಸರೆಗೆ ಬನ್ನಿ ಕೊಟ್ಟು ನಾನು ವೈನಿಗೆ ನಮಸ್ಕಾರ ಮಾಡುತ್ತೇನೆ. ಇಪ್ಪತ್ತು ವರ್ಷ ಆ ಕಾಲು ಮುಟ್ಟಿದ್ದೇನೆ. ಒಮ್ಮೆಯೂ ನೋಡಿರಲಿಲ್ಲ.